ಡೆಫಿಕೇಟ್

ಮಲವಿಸರ್ಜನೆ ಮಾಡು ಎಂಬ ಅರ್ಥದಲ್ಲಿ ವೈದ್ಯಕೀಯ ಬರಹಗಳಲ್ಲಿ ಕಾಣುವ ‘ಡೆಫಿಕೇಟ್’ ಎಂಬ ಇಂಗ್ಲಿಷ್ ಕ್ರಿಯಾಪದದ ಮೂಲ ಲ್ಯಾಟಿನ್ನಿನ ‘ಡೆಫೇಕಾರೆ’ ಆಗಿದ್ದು, ಅದರಲ್ಲಿ ‘ಡೆ’ ಎಂಬುದು ಬೇರ್ಪಡಿಸುವುದನ್ನೂ ‘ಫೇಕ್ಸ್’ ಎಂಬುದು ದ್ರಾಕ್ಷಾಮದ್ಯದ ಪಾತ್ರೆಯ ತಳದಲ್ಲಿ ನಿಲ್ಲುವ ಮಡ್ಡಿಯನ್ನೂ, ಅಂದರೆ ಗಸಿಯನ್ನೂ, ಸೂಚಿಸುತ್ತವೆ. 16ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಈ ಪದಕ್ಕೆ ಮಡ್ಡಿ ತೆಗೆದು ತಿಳಿಗೊಳಿಸು ಎಂಬುದೇ ಅರ್ಥವಾಗಿದ್ದು, ಮನಸ್ಸಿನ ಕಲ್ಮಷ ಕಳೆಯುವುದನ್ನು ಹೇಳಲೂ ಅದು, ಇಂದಿನ ಓದುಗರಿಗೆ ನಗೆ ತರಿಸುವಂತೆ, ನಿಸ್ಸಂಕೋಚವಾಗಿ ಬಳಕೆಯಾಗುತ್ತಿತ್ತು. ದೇಹಕ್ಕೆ ಸಂಬಂಧಿಸಿದ ಅರ್ಥವು ನೆಲೆಗೊಂಡದ್ದು 19ನೆಯ ಶತಮಾನದಲ್ಲಿ. ಆದರೂ ಹಳೆಯ ಅರ್ಥ ಪೂರ್ತಿ ಅಳಿದಿಲ್ಲ: ಕಬ್ಬಿನ ಹಾಲಿಗೆ ಸುಣ್ಣ ಬೆರೆಸಿ, ಕಾಯಿಸಿ, ಕಶ್ಮಲವನ್ನು ತಳಕ್ಕಿಳಿಸುವ ವಿಧಾನಕ್ಕೆ ಸಕ್ಕರೆ ತಯಾರಿಕೆಯಲ್ಲಿ ಇಂದಿಗೂ ‘ಡೆಫಿಕೇಶನ್’ ಎಂದೇ ಹೆಸರಿದೆ.