ಹಸಿರಾಗುತ್ತಿದೆ ಟಂಡ್ರಾ: ಇದು ಸಂತಸದ ಸುದ್ದಿಯಲ್ಲ ಏಕೆ?

ಹಸಿರು ಹೆಚ್ಚಾದರೆ ಒಳ್ಳೆಯದೆಂದೇ ನಾವೆಲ್ಲ ನಂಬಿದ್ದೇವೆ. ಆದರೆ ಭೂಮಿಯ ಉತ್ತರದ ಅಂಚಿನಲ್ಲಿರುವ, ಮರಗಳೇ ಬೆಳೆಯದ ಟಂಡ್ರಾ ಪ್ರದೇಶದಲ್ಲಿ ಹೆಚ್ಚುತ್ತಿರುವ ಹಸಿರು ವಿಜ್ಞಾನಿಗಳನ್ನು ಚಿಂತೆಗೆ ದೂಡಿದೆ. 1979ರಿಂದೀಚೆಗೆ ಆರ್ಕ್ಟಿಕ್ ವಲಯವು ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ ಎಂದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿದೆ. ಈ ಬಿಸಿಗೆ ಅಲ್ಲಿನ ಗಿಡಗಳು ಹೇಗೆ ಸ್ಪಂದಿಸುತ್ತಿವೆ? ಅದರ ಪರಿಣಾಮಗಳೇನು? ಇಲ್ಲಿದೆ ವಿವರ.

ಟಂಡ್ರಾ ಎಂದರೇನು?

ಅಲಾಸ್ಕಾ, ಉತ್ತರ ಕೆನಡಾ, ಗ್ರೀನ್‌ಲ್ಯಾಂಡ್‌ನ ಕರಾವಳಿ, ಸ್ಕ್ಯಾಂಡಿನೇವಿಯಾದ ಉತ್ತರ ಭಾಗ ಹಾಗೂ ಸೈಬೀರಿಯಾದ ಉತ್ತರ ತೀರದಲ್ಲಿ ಹರಡಿಕೊಂಡಿರುವ ಶೀತ ಬಯಲೇ ಟಂಡ್ರಾ. ಇಲ್ಲಿ ನೆಲದಡಿಯ ಮಣ್ಣು ವರ್ಷವಿಡೀ ಹೆಪ್ಪುಗಟ್ಟಿಯೇ ಇರುತ್ತದೆ. ಇದನ್ನು ಪರ್ಮಾಫ್ರಾಸ್ಟ್ ಎನ್ನುತ್ತಾರೆ. ಬೇಸಿಗೆಯಲ್ಲಿ ಮೇಲಿನ ತೆಳು ಪದರ ಮಾತ್ರ ಕರಗುತ್ತದೆ. ಗಿಡಗಳ ಬೇರುಗಳು ಅಷ್ಟರಲ್ಲೇ ಬದುಕಬೇಕು. ಬೆಳೆಯಲು ಸಿಗುವುದು ಕೆಲವೇ ವಾರ.

ಹಾಗಾಗಿ ಇಲ್ಲಿನ ಸಸ್ಯಗಳು ನೆಲಕ್ಕೆ ಅಂಟಿಕೊಂಡೇ ಬೆಳೆಯುತ್ತವೆ. ನೆಲದ ಹತ್ತಿರ ಗಾಳಿಯ ಹೊಡೆತ ಕಡಿಮೆ, ಬಿಸಿ ತುಸು ಹೆಚ್ಚು. ಚಳಿಗಾಲದಲ್ಲಿ ಹಿಮವೇ ಕಂಬಳಿ. ಹಾವಸೆ, ಹತ್ತಿಹುಲ್ಲು, ಕುಬ್ಜ ಬರ್ಚ್, ವಿಲ್ಲೋ ಮತ್ತು ಕಲ್ಲುಹೂವುಗಳು ಇಲ್ಲಿನ ಮುಖ್ಯ ನಿವಾಸಿಗಳು. ನಮ್ಮ ಮಸಾಲೆ ಡಬ್ಬಿಯಲ್ಲಿರುವ ಕಲ್ಲುಹೂವಿನ ಬಳಗದವೇ ಇವು.

ಬದಲಾವಣೆ ಗೊತ್ತಾಗಿದ್ದು ಹೇಗೆ?

ಅಲಾಸ್ಕಾದ ಉತ್ತರ ಭಾಗವನ್ನು 1940ರ ದಶಕದ ಕೊನೆಯಲ್ಲಿ ವಿಮಾನದಿಂದ ಚಿತ್ರೀಕರಿಸಲಾಗಿತ್ತು. ಸುಮಾರು 50 ವರ್ಷಗಳ ಬಳಿಕ ವಿಜ್ಞಾನಿಗಳು ಅದೇ ಸ್ಥಳಗಳ ಚಿತ್ರಗಳನ್ನು ಮತ್ತೆ ತೆಗೆದು ಹೋಲಿಸಿ ನೋಡಿದರು. ನದಿ ಕಣಿವೆಗಳಲ್ಲೂ ಇಳಿಜಾರುಗಳಲ್ಲೂ ಆಲ್ಡರ್, ವಿಲ್ಲೋ, ಬರ್ಚ್ ಪೊದೆಗಳು ದಟ್ಟವಾಗಿದ್ದವು. 2001ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಇನ್ನೊಂದು ಪುರಾವೆ ಪ್ರಯೋಗಗಳಿಂದ ಬಂದಿದೆ. 1990ರಲ್ಲಿ ಆರಂಭವಾದ ಅಂತಾರಾಷ್ಟ್ರೀಯ ಟಂಡ್ರಾ ಪ್ರಯೋಗದಡಿ ಹಲವು ದೇಶಗಳಲ್ಲಿ ಮೇಲ್ಭಾಗ ತೆರೆದಿರುವ ಸಣ್ಣ ಪಾರದರ್ಶಕ ಗೂಡುಗಳನ್ನು ಗಿಡಗಳ ಸುತ್ತ ಇಡಲಾಗಿದೆ. ಒಳಗಿನ ತಾಪಮಾನ ಒಂದೆರಡು ಡಿಗ್ರಿ ಏರುತ್ತದೆ. ಒಳಗಿನ ಗಿಡಗಳನ್ನು ಹೊರಗಿನವುಗಳೊಂದಿಗೆ ವರ್ಷವರ್ಷವೂ ಹೋಲಿಸಲಾಗುತ್ತದೆ. ಪೊದೆಗಳು ಎತ್ತರವಾಗಿ, ಹಾವಸೆ ಮತ್ತು ಕಲ್ಲುಹೂವು ಕಡಿಮೆಯಾಗುವುದು ಹಲವೆಡೆ ಕಂಡುಬಂದಿದೆ. 2018ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನವು 100ಕ್ಕೂ ಹೆಚ್ಚು ಸ್ಥಳಗಳ ಮಾಹಿತಿ ಆಧರಿಸಿ, ಮೂರು ದಶಕಗಳಲ್ಲಿ ಟಂಡ್ರಾ ಗಿಡಗಳ ಸರಾಸರಿ ಎತ್ತರ ಹೆಚ್ಚಿದೆ ಎಂದು ತೋರಿಸಿತು.

ಗೆದ್ದವರು ಯಾರು, ಸೋತವರು ಯಾರು?

ಪೊದೆಗಳು ಎತ್ತರವಾದಾಗ ಅವುಗಳ ನೆರಳು ಕೆಳಗಿನ ಪುಟ್ಟ ಸಸ್ಯಗಳ ಮೇಲೆ ಬೀಳುತ್ತದೆ. ಬಿಸಿಲನ್ನೇ ನಂಬಿದ ಕಲ್ಲುಹೂವಿಗೆ ಇದು ಮಾರಕ. ಅದು ಬಹಳ ನಿಧಾನವಾಗಿ ಬೆಳೆಯುವುದರಿಂದ, ಒಮ್ಮೆ ನಾಶವಾದರೆ ಚೇತರಿಸಿಕೊಳ್ಳಲು ದಶಕಗಳೇ ಬೇಕು.

ಆದರೆ ಚಿತ್ರ ಎಲ್ಲೆಡೆ ಒಂದೇ ತೆರನಾಗಿಲ್ಲ. 1981ರಿಂದ 2022ರವರೆಗಿನ ದಾಖಲೆಗಳನ್ನು ಪರಿಶೀಲಿಸಿ 2025ರಲ್ಲಿ ಪ್ರಕಟವಾದ ಅಧ್ಯಯನವು 2,174 ತುಂಡು ನೆಲಗಳಲ್ಲಿನ 490 ಸಸ್ಯ ಪ್ರಭೇದಗಳನ್ನು ಗಮನಿಸಿತು. ಒಟ್ಟಾರೆ ಪ್ರಭೇದಗಳ ಸಂಖ್ಯೆ ಒಂದೇ ದಿಕ್ಕಿನಲ್ಲಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಆದರೂ ಶೇ. 59ರಷ್ಟು ತುಂಡು ನೆಲಗಳಲ್ಲಿ ಹೊಸ ಪ್ರಭೇದಗಳು ಬಂದಿದ್ದವು ಅಥವಾ ಹಳೆಯವು ಕಾಣೆಯಾಗಿದ್ದವು. ಅಂದರೆ ಲೆಕ್ಕ ಅಷ್ಟೇ ಉಳಿದರೂ ಮನೆಯ ಸದಸ್ಯರು ಬದಲಾಗುತ್ತಿದ್ದಾರೆ.

ಕೆಲವೆಡೆ ಟಂಡ್ರಾ ಹಸಿರಾಗುವ ಬದಲು ಕಂದುಗಟ್ಟುತ್ತಿರುವುದೂ ಉಂಟು. ಚಳಿಗಾಲದ ನಡುವೆ ಬರುವ ದಿಢೀರ್ ಬಿಸಿ, ಒಣಹವೆ ಮತ್ತು ಬೆಂಕಿ ಇದಕ್ಕೆ ಕಾರಣ. 2007ರಲ್ಲಿ ಅಲಾಸ್ಕಾದ ಅನಾಕ್ಟುವುಕ್ ನದಿ ಪ್ರದೇಶದಲ್ಲಿ ಸುಮಾರು 1,000 ಚದರ ಕಿಲೋಮೀಟರ್ ಟಂಡ್ರಾ ಸುಟ್ಟುಹೋಗಿತ್ತು.

ಪೊದೆ ಬೆಳೆದರೆ ನಷ್ಟವೇನು?

ಬಿಳಿ ಹಿಮ ಸೂರ್ಯನ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಹಿಮದಿಂದ ಮೇಲೆ ತಲೆ ಎತ್ತಿದ ಕಪ್ಪು ಕೊಂಬೆಗಳು ಅದೇ ಬೆಳಕನ್ನು ಹೀರಿ ಸುತ್ತಲಿನ ವಾತಾವರಣವನ್ನು ಬಿಸಿ ಮಾಡುತ್ತವೆ. ಗಾಳಿಗೆ ಹಾರುವ ಹಿಮವನ್ನು ಪೊದೆಗಳು ತಡೆದು ನಿಲ್ಲಿಸುವುದರಿಂದ ಅಲ್ಲಿ ಹಿಮದ ರಾಶಿ ದಪ್ಪವಾಗುತ್ತದೆ. ಅದರಡಿ ಮಣ್ಣು ಬೆಚ್ಚಗಿದ್ದು, ಸೂಕ್ಷ್ಮಜೀವಿಗಳು ಚಳಿಗಾಲದಲ್ಲೂ ಕೆಲಸ ಮಾಡಿ ಪೋಷಕಾಂಶ ಬಿಡುಗಡೆ ಮಾಡುತ್ತವೆ. ಅದನ್ನು ಉಂಡು ಪೊದೆ ಇನ್ನಷ್ಟು ಬೆಳೆಯುತ್ತದೆ. ಬೇಸಿಗೆಯಲ್ಲಿ ಪೊದೆಯ ನೆರಳು ಮಣ್ಣನ್ನು ತಂಪಾಗಿಡುವುದೂ ನಿಜ. ಈ ಎರಡರಲ್ಲಿ ಯಾವುದರ ಕೈ ಮೇಲಾಗುತ್ತದೆ ಎಂಬುದು ಆಯಾ ಸ್ಥಳವನ್ನು ಅವಲಂಬಿಸಿದೆ.

ದೊಡ್ಡ ಆತಂಕ ಇರುವುದು ನೆಲದಡಿಯಲ್ಲಿ. ಉತ್ತರದ ಪರ್ಮಾಫ್ರಾಸ್ಟ್ ವಲಯದ ಮಣ್ಣಿನಲ್ಲಿ ಈಗ ವಾತಾವರಣದಲ್ಲಿರುವುದಕ್ಕಿಂತ ಸುಮಾರು ಎರಡು ಪಟ್ಟು ಇಂಗಾಲ ಅಡಗಿದೆ. ಅದು ಕರಗಿ ಕೊಳೆತರೆ ಇಂಗಾಲದ ಡೈ ಆಕ್ಸೈಡ್ ಮತ್ತು ಮೀಥೇನ್ ಹೊರಬರುತ್ತವೆ. ಕಾಳ್ಗಿಚ್ಚನ್ನೂ ಲೆಕ್ಕಕ್ಕೆ ಹಿಡಿದರೆ, ಸಾವಿರಾರು ವರ್ಷ ಇಂಗಾಲವನ್ನು ಕೂಡಿಟ್ಟ ಟಂಡ್ರಾ ಈಗ ಅದನ್ನು ಹೊರಬಿಡುವ ಮೂಲವಾಗಿದೆ ಎಂದು ಅಮೆರಿಕದ ನೋವಾ ಸಂಸ್ಥೆಯ 2024ರ ಆರ್ಕ್ಟಿಕ್ ವರದಿ ಹೇಳಿದೆ. ಪೊದೆಗಳು ಹೀರುವ ಇಂಗಾಲ ಈ ನಷ್ಟವನ್ನು ತುಂಬಿಕೊಡುತ್ತಿಲ್ಲ.

ಹಿಮಸಾರಂಗವನ್ನು ನಂಬಿದವರು

ಚಳಿಗಾಲದಲ್ಲಿ ಹಿಮಸಾರಂಗಗಳು ಗೊರಸಿನಿಂದ ಹಿಮ ಕೆದರಿ ಕಲ್ಲುಹೂವು ತಿನ್ನುತ್ತವೆ. ಸ್ಕ್ಯಾಂಡಿನೇವಿಯಾದ ಸಾಮಿ, ರಷ್ಯಾದ ಯಮಾಲ್ ಪ್ರದೇಶದ ನೆನೆಟ್ಸ್ ಜನರಲ್ಲಿ ಹಲವು ಕುಟುಂಬಗಳ ಬದುಕು ಈ ಹಿಂಡುಗಳ ಮೇಲೆ ನಿಂತಿದೆ. ಮೇವು ಕಡಿಮೆಯಾದರೆ ಹಿಂಡು ಬಡವಾಗುತ್ತದೆ, ಕುಟುಂಬವೂ ಬಡವಾಗುತ್ತದೆ. ಇನ್ನೊಂದೆಡೆ, ಬೇಸಿಗೆಯಲ್ಲಿ ಇವೇ ಪ್ರಾಣಿಗಳು ವಿಲ್ಲೋ, ಬರ್ಚ್ ಚಿಗುರು ಮೇಯ್ದು ಪೊದೆಗಳ ಹರಡುವಿಕೆಗೆ ಕಡಿವಾಣ ಹಾಕುತ್ತವೆ. ಹಾಗಾಗಿ ಹಿಂಡುಗಳ ಉಳಿವು ಟಂಡ್ರಾದ ಉಳಿವಿಗೂ ಬೇಕು.

ಭಾರತಕ್ಕೇನು ಸಂಬಂಧ?

ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹದ ನ್ಯೂ ಓಲೆಸುಂಡ್‌ನಲ್ಲಿ ಭಾರತ 2008ರಿಂದ 'ಹಿಮಾದ್ರಿ' ಸಂಶೋಧನಾ ಕೇಂದ್ರ ನಡೆಸುತ್ತಿದೆ. ಅದರ ಸುತ್ತಲಿರುವುದು ಟಂಡ್ರಾ ನೆಲವೇ. 2022ರಲ್ಲಿ ಕೇಂದ್ರ ಸರ್ಕಾರ ಆರ್ಕ್ಟಿಕ್ ನೀತಿಯನ್ನೂ ಪ್ರಕಟಿಸಿದೆ. ಅಲ್ಲಿನ ಮಣ್ಣಿನಿಂದ ಹೊರಬಿದ್ದ ಇಂಗಾಲಕ್ಕೆ ಗಡಿಯಿಲ್ಲ. ಅದು ಬಿಸಿ ಮಾಡುವುದು ಮುಂಬೈ, ದೆಹಲಿಯ ಗಾಳಿಯನ್ನೂ ಹೌದು. ಗೇಣುದ್ದದ ಗಿಡಗಳ ಲೆಕ್ಕವನ್ನು ವಿಜ್ಞಾನಿಗಳು ಇಷ್ಟು ಶ್ರದ್ಧೆಯಿಂದ ಇಡುತ್ತಿರುವುದು ಇದೇ ಕಾರಣಕ್ಕೆ.