ಮಹಿಳಾ ಏಷ್ಯಾ ಕಪ್ ಬಾಸ್ಕೆಟ್‌ಬಾಲ್: ಬೆಂಗಳೂರಿನಲ್ಲಿ ಬಡ್ತಿ, ಅಮ್ಮಾನ್‌ನಲ್ಲಿ ಹಿಂಬಡ್ತಿ

ಏಷ್ಯಾದ ಮಹಿಳಾ ಬಾಸ್ಕೆಟ್‌ಬಾಲ್‌ನಲ್ಲಿ ಅತಿ ದೊಡ್ಡ ಕೂಟವೆಂದರೆ ಫಿಬಾ ಮಹಿಳಾ ಏಷ್ಯಾ ಕಪ್. ಎರಡು ವರ್ಷಕ್ಕೊಮ್ಮೆ ನಡೆಯುವ ಈ ಕೂಟವೇ ಏಷ್ಯಾದ ತಂಡಗಳಿಗೆ ವಿಶ್ವಕಪ್‌ನ ಹಾದಿ. 2017 ಮತ್ತು 2019ರಲ್ಲಿ ಸತತ ಎರಡು ಬಾರಿ ಇದರ ಆತಿಥ್ಯ ವಹಿಸಿದ್ದು ಬೆಂಗಳೂರು. ಭಾರತದ ವನಿತೆಯರು ಕೆಳಗಿನ ಶ್ರೇಣಿಯಿಂದ ಮೇಲಕ್ಕೆ ಏರಿದ್ದೂ ಇಲ್ಲಿಯೇ.

ಹುಟ್ಟು ಮತ್ತು ಬೆಳವಣಿಗೆ

ಮೊದಲ ಕೂಟ ನಡೆದದ್ದು 1965ರಲ್ಲಿ, ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ. ಆತಿಥೇಯ ಕೊರಿಯಾವೇ ಚಾಂಪಿಯನ್ ಆಯಿತು. ಅಲ್ಲಿಂದ 2023ರವರೆಗೆ ನಡೆದ 30 ಕೂಟಗಳಲ್ಲಿ ಪ್ರಶಸ್ತಿ ಗೆದ್ದವರು ಮೂವರೇ: ಕೊರಿಯಾ 12, ಚೀನಾ 12 ಮತ್ತು ಜಪಾನ್ 6 ಬಾರಿ. 'ಏಷ್ಯನ್ ಚಾಂಪಿಯನ್‌ಷಿಪ್' ಎಂದಿದ್ದ ಹೆಸರು 2017ರಲ್ಲಿ 'ಏಷ್ಯಾ ಕಪ್' ಆಯಿತು. ಅದೇ ವರ್ಷ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಕೂಡ ಮೊದಲ ಬಾರಿಗೆ ಕಣಕ್ಕಿಳಿದವು. 2025ರಲ್ಲಿ ಚೀನಾದ ಶೆನ್‌ಜೆನ್‌ನಲ್ಲಿ ಜಪಾನ್ ತಂಡವನ್ನು ಮಣಿಸಿದ ಆಸ್ಟ್ರೇಲಿಯಾ ಮೊದಲ ಪ್ರಶಸ್ತಿ ಗೆದ್ದು, 2026ರ ಬರ್ಲಿನ್ ವಿಶ್ವಕಪ್‌ಗೆ ನೇರ ಅರ್ಹತೆ ಪಡೆಯಿತು.

ಎರಡು ಶ್ರೇಣಿಗಳ ಲೆಕ್ಕ

ಕೂಟದಲ್ಲಿ 'ಎ' ಮತ್ತು 'ಬಿ' ಎಂಬ ಎರಡು ಶ್ರೇಣಿಗಳಿವೆ. ಕಪ್‌ಗಾಗಿ ಸೆಣಸುವುದು 'ಎ' ಶ್ರೇಣಿಯ ಎಂಟು ತಂಡಗಳು ಮಾತ್ರ. ಅಲ್ಲಿ ಕೊನೆಯ ಸ್ಥಾನ ಪಡೆದ ತಂಡ ಕೆಳಗಿಳಿಯಬೇಕು, 'ಬಿ' ಶ್ರೇಣಿಯ ವಿಜೇತ ತಂಡ ಮೇಲೇರುತ್ತದೆ. ವಿಶ್ವಕಪ್ ಮತ್ತು ಒಲಿಂಪಿಕ್ಸ್‌ನತ್ತ ಸಾಗುವ ದಾರಿ ಇರುವುದು 'ಎ' ಶ್ರೇಣಿಯಲ್ಲಿ. ಹೀಗಾಗಿ 'ಬಿ' ಶ್ರೇಣಿಗೆ ಇಳಿದ ತಂಡ ಆ ದಾರಿಯಿಂದಲೇ ಹೊರಗುಳಿಯುತ್ತದೆ.

2013ರ ಬ್ಯಾಂಕಾಕ್ ಕೂಟದಲ್ಲಿ 5ನೇ ಸ್ಥಾನ ಗಳಿಸಿದ್ದ ಭಾರತ, 2015ರ ವೂಹಾನ್ ಕೂಟದ ನಂತರ ಕೆಳಗಿನ ಶ್ರೇಣಿಗೆ ಜಾರಿತ್ತು.

ಎರಡು ಅಂಕಗಳ ಗೆಲುವು

2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದ ಕೂಟದಲ್ಲಿ ಭಾರತ 'ಬಿ' ಶ್ರೇಣಿಯಲ್ಲಿ ಆಡಿತು. ಸರ್ಬಿಯಾದ ಜೋರಾನ್ ವಿಸಿಕ್ ಕೋಚ್ ಆಗಿದ್ದರು. ಚೆನ್ನೈನಲ್ಲಿ ದಕ್ಷಿಣ ರೈಲ್ವೆ ಪರ ಆಡುತ್ತಿದ್ದ ಅನುಭವಿ ಅನಿತಾ ಪಾಲ್‌ದುರೈ, ಪುಣೆಯ ಶಿರೀನ್ ಲಿಮಯೆ, ಕೇರಳದ ಪಿ.ಎಸ್. ಜೀನಾ ತಂಡದ ಬಲವಾಗಿದ್ದರು. ಫೈನಲ್‌ನಲ್ಲಿ ಕಜಕಸ್ತಾನವನ್ನು 75-73ರಿಂದ ಸೋಲಿಸಿದ ಭಾರತ ಮತ್ತೆ ಮೇಲಿನ ಶ್ರೇಣಿಗೆ ಮರಳಿತು. ಅನಿತಾ ಅವರಿಗೆ 2021ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು.

'ಎ' ಶ್ರೇಣಿಯ ಫೈನಲ್ ಕೂಡ ಅಷ್ಟೇ ರೋಚಕವಾಗಿತ್ತು. ಜಪಾನ್ ಕೇವಲ ಒಂದು ಅಂಕದಿಂದ, 74-73ರಲ್ಲಿ ಆಸ್ಟ್ರೇಲಿಯಾವನ್ನು ಮಣಿಸಿ ಸತತ ಮೂರನೇ ಬಾರಿ ಪ್ರಶಸ್ತಿ ಎತ್ತಿಹಿಡಿಯಿತು. ಜಪಾನ್, ಆಸ್ಟ್ರೇಲಿಯಾ, ಚೀನಾ ಹಾಗೂ ಕೊರಿಯಾ 2018ರ ಸ್ಪೇನ್ ವಿಶ್ವಕಪ್‌ಗೆ ಟಿಕೆಟ್ ಪಡೆದವು.

ಏರಿದ ಮೇಲೆ ಎದುರಾದ ಸತ್ಯ

ಬಡ್ತಿ ಸಿಕ್ಕಿತು, ಆದರೆ ಮೇಲಿನ ಶ್ರೇಣಿಯಲ್ಲಿ ನೆಲೆಯೂರುವುದು ಸುಲಭವಾಗಲಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ತವರಿನ ಪ್ರೇಕ್ಷಕರೆದುರೇ ಆಡಿದ ಭಾರತ ಎಂಟನೇ ಸ್ಥಾನಕ್ಕೆ ತೃಪ್ತಿಪಟ್ಟಿತು. ಫೈನಲ್‌ನಲ್ಲಿ ಜಪಾನ್ 71-68ರಿಂದ ಚೀನಾವನ್ನು ಸೋಲಿಸಿತು.

2021ರಲ್ಲಿ ಕೂಟ ನಡೆದದ್ದು ಜೋರ್ಡಾನ್‌ನ ಅಮ್ಮಾನ್‌ನಲ್ಲಿ. ಅಲ್ಲಿ ಜಪಾನ್ ವಿರುದ್ಧ ಭಾರತ 46-136ರ ಹೀನಾಯ ಸೋಲು ಕಂಡಿತು. ಆದರೆ ತಂಡವನ್ನು ಕೆಳಗಿಳಿಸಿದ್ದು ಆ 90 ಅಂಕಗಳ ಅಂತರವಲ್ಲ. 7ನೇ ಸ್ಥಾನಕ್ಕಾಗಿ ಫಿಲಿಪ್ಪೀನ್ಸ್ ಎದುರು ನಡೆದ ನಿರ್ಣಾಯಕ ಪಂದ್ಯದಲ್ಲಿ ಭಾರತ 70-74ರಿಂದ ಸೋತಿತು. ಎರಡು ಅಂಕಗಳಿಂದ ಗೆದ್ದುಕೊಂಡಿದ್ದ ಜಾಗ ನಾಲ್ಕು ಅಂಕಗಳಿಂದ ಕೈತಪ್ಪಿತು. 2023ರ ಸಿಡ್ನಿ ಕೂಟದಲ್ಲಿ ಆ ಜಾಗದಲ್ಲಿ ಆಡಿದ್ದು ಲೆಬನಾನ್.

ಜಪಾನ್ ಕಲಿಸುವ ಪಾಠ

1970ರಲ್ಲಿ ಒಮ್ಮೆ ಗೆದ್ದಿದ್ದ ಜಪಾನ್, ಮುಂದಿನ ಪ್ರಶಸ್ತಿಗಾಗಿ 2013ರವರೆಗೆ ಕಾಯಬೇಕಾಯಿತು. ಆಮೇಲೆ 2021ರವರೆಗೆ ಸತತ ಐದು ಬಾರಿ ಗೆದ್ದಿತು. ಎತ್ತರದ ಕೊರತೆಯನ್ನು ವೇಗ, ಬಿಗಿ ರಕ್ಷಣೆ ಮತ್ತು 6.75 ಮೀಟರ್ ಗೆರೆಯಾಚೆಯಿಂದ ಎಸೆಯುವ ಮೂರು ಅಂಕಗಳ ಹೊಡೆತಗಳಿಂದ ತುಂಬಿಕೊಂಡದ್ದೇ ಅದರ ಗುಟ್ಟು. ಟೋಕಿಯೊ ಒಲಿಂಪಿಕ್ಸ್ ಫೈನಲ್‌ನಲ್ಲಿ ಅಮೆರಿಕಕ್ಕೆ 75-90ರಿಂದ ಸೋತರೂ ಬೆಳ್ಳಿ ಪದಕ ಗೆದ್ದಿತು.

ಜಪಾನ್ ತೋರಿಸಿಕೊಟ್ಟಂತೆ, ಎತ್ತರ ಕಡಿಮೆ ಎಂಬುದು ಸೋಲಿಗೆ ನೆಪವಾಗಬೇಕಿಲ್ಲ. ಆದರೆ ಎರಡು ವರ್ಷಕ್ಕೊಮ್ಮೆ ಮಾತ್ರ ಬಲಿಷ್ಠರನ್ನು ಎದುರಿಸಿದರೆ ಅಂತರ ತಗ್ಗುವುದಿಲ್ಲ. ಕಂಠೀರವದ ಆ ಗೆಲುವು ಭಾರತಕ್ಕೆ ಬಾಗಿಲು ತೆರೆದಿತ್ತು. ಒಳಗೆ ಉಳಿಯಲು ನಿರಂತರ ಪಂದ್ಯಗಳು, ಗಟ್ಟಿಯಾದ ದೇಶೀಯ ಲೀಗ್ ಮತ್ತು ದೀರ್ಘಕಾಲದ ತಯಾರಿ ಬೇಕು.