ಚಿಮಣಿಯ ಸಕ್ಷನ್ 1500 ಇದ್ದರೆ ಅಡುಗೆಮನೆಯ ಹೊಗೆಯೆಲ್ಲ ಹೊರಗೆ ಹೋಗುತ್ತದೆಯೇ?

"ಕಿಚನ್ ಚಿಮಣಿ ಕೊಳ್ಳುವಾಗ ಸಕ್ಷನ್ ನಂಬರ್ ಒಂದನ್ನೇ ನೋಡಿ, 1500 ಇದ್ದರೆ ಹೊಗೆಯ ಚಿಂತೆಯೇ ಇಲ್ಲ." ಹಬ್ಬದ ರಿಯಾಯಿತಿ ಶುರುವಾದರೆ ಇಂಥ ಸಂದೇಶಗಳು ಫ್ಯಾಮಿಲಿ ಗ್ರೂಪ್‌ಗಳಲ್ಲಿ ಓಡಾಡುತ್ತವೆ. ಜೊತೆಗೊಂದು ವಿಡಿಯೋ ಇರುತ್ತದೆ: ಚಿಮಣಿಯ ಕೆಳಗೆ ಹಿಡಿದ ಪೇಪರ್ ಟಪ್ಪನೆ ಮೇಲಕ್ಕೆ ಅಂಟಿಕೊಳ್ಳುತ್ತದೆ. ಇದನ್ನು ನಂಬಿ ದುಬಾರಿ ಚಿಮಣಿ ತಂದವರ ಮನೆಯಲ್ಲೂ ಬಂಗುಡೆ ಹುರಿದರೆ ಬೆಡ್‌ರೂಮಿನವರೆಗೆ ವಾಸನೆ ಬರುತ್ತದೆ. ಯಾಕೆ?

ಚುಟುಕಾಗಿ ಹೇಳುವುದಾದರೆ, ಪೆಟ್ಟಿಗೆಯ ಮೇಲಿನ ನಂಬರ್ ಸುಳ್ಳಲ್ಲ, ಆದರೆ ಅದು ನಿಮ್ಮ ಮನೆಯ ನಂಬರ್ ಅಲ್ಲ. ಎಷ್ಟು ಗಾಳಿ ನಿಜವಾಗಿ ಹೊರಹೋಗುತ್ತದೆ ಎಂಬುದನ್ನು ಪೈಪ್ ಮತ್ತು ಕಿಟಕಿ ತೀರ್ಮಾನಿಸುತ್ತವೆ.

ಗ್ಯಾಸ್ ಒಲೆಯಲ್ಲಿ ಹೊಗೆ ಎಲ್ಲಿದೆ?

"ನಮ್ಮದು ಕಟ್ಟಿಗೆ ಒಲೆ ಅಲ್ಲವಲ್ಲ" ಎನ್ನುವವರಿದ್ದಾರೆ. ಕಟ್ಟಿಗೆಗಿಂತ ಗ್ಯಾಸ್ ಎಷ್ಟೋ ಮೇಲು, ಅದರಲ್ಲಿ ಅನುಮಾನವಿಲ್ಲ. ಆದರೆ ಗ್ಯಾಸ್ ಉರಿಯಿಂದಲೂ ನೈಟ್ರೋಜನ್ ಡೈಆಕ್ಸೈಡ್ ಹುಟ್ಟುತ್ತದೆ. ಇದು ಉಸಿರಾಟದ ದಾರಿಯನ್ನು ಕೆರಳಿಸುತ್ತದೆ, ಅಸ್ತಮಾ ಇರುವವರಿಗೆ ಹೆಚ್ಚು ತೊಂದರೆ ಕೊಡುತ್ತದೆ. ಇನ್ನು ಒಗ್ಗರಣೆ, ಗೋಳಿಬಜೆ, ಮೀನು ಹುರಿಯುವಾಗ ಕಾದ ಎಣ್ಣೆಯಿಂದಲೇ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಏಳುತ್ತವೆ. ಒಲೆ ಗ್ಯಾಸಿನದಾದರೂ ಇಂಡಕ್ಷನ್ ಆದರೂ ಇದು ತಪ್ಪಿದ್ದಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಹೆಚ್ಚಿನ ಉಷ್ಣತೆಯಲ್ಲಿ ಹುರಿಯುವಾಗ, ಕರಿಯುವಾಗ ಏಳುವ ಹೊಗೆಯನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ 2ಎ ಗುಂಪಿನಲ್ಲಿ ಇರಿಸಿದೆ. ಮೀನು ಫ್ರೈ ತಿಂದರೆ ಕ್ಯಾನ್ಸರ್ ಎಂದು ಇದರ ಅರ್ಥವಲ್ಲ. ವರ್ಷಗಟ್ಟಲೆ ಒಲೆಯ ಮುಂದೆ ನಿಂತು ಆ ಹೊಗೆಯನ್ನು ಉಸಿರಾಡುವವರ ಬಗ್ಗೆ ಇರುವ ಎಚ್ಚರಿಕೆ ಅದು. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಅಮ್ಮ, ಅತ್ತೆ, ಹೆಂಡತಿ.

ಆ ನಂಬರ್ ಏನು ಹೇಳುತ್ತದೆ?

1200 ಎಂದರೆ ಗಂಟೆಗೆ 1200 ಘನ ಮೀಟರ್ ಗಾಳಿ. ಸಾಮಾನ್ಯವಾಗಿ ಇದು ಅತಿ ವೇಗದಲ್ಲಿ, ಅಡೆತಡೆ ಇಲ್ಲದಾಗ ಸಿಗುವ ಗರಿಷ್ಠ ಪ್ರಮಾಣ. ಉದ್ದ ಪೈಪ್, ಎರಡು ಮೂರು ತಿರುವು, ಜಿಡ್ಡು ಕಟ್ಟಿದ ಫಿಲ್ಟರ್ ಸೇರಿದರೆ ಅರ್ಧಕ್ಕೂ ಇಳಿಯಬಹುದು.

ಪೇಪರ್ ಪರೀಕ್ಷೆಯೂ ಅಷ್ಟೇ. ಫಿಲ್ಟರಿಗೆ ತಾಗುವಂತೆ ಹಿಡಿದ ಪೇಪರ್ ಅಂಟಿಕೊಳ್ಳಲು ಹೆಚ್ಚು ಗಾಳಿ ಬೇಡ. ಎರಡು ಅಡಿ ಕೆಳಗಿನ ಕಾವಲಿಯ ಹೊಗೆ ಮೇಲಕ್ಕೆ ಹೋಗುತ್ತದೋ ಮುಖಕ್ಕೆ ಬಡಿಯುತ್ತದೋ ಎಂಬುದು ಮುಖ್ಯ. ಪರೀಕ್ಷಿಸಬೇಕೆಂದರೆ ಪಾತ್ರೆಯಲ್ಲಿ ನೀರು ಕುದಿಯಲು ಇಟ್ಟು ಚಿಮಣಿ ಹಾಕಿ. ಆವಿಯೆಲ್ಲ ನೇರ ಮೇಲಕ್ಕೆ ಹೋದರೆ ಸರಿ, ಮುಂದಕ್ಕೆ ಚೆಲ್ಲಿದರೆ ಸಾಲದು.

ಹಾಗಾದರೆ ಎಷ್ಟು ಬೇಕು?

ಅಮೆರಿಕದ ಹೋಮ್ ವೆಂಟಿಲೇಟಿಂಗ್ ಇನ್‌ಸ್ಟಿಟ್ಯೂಟ್‌ನ ಲೆಕ್ಕ ಸರಳವಾಗಿದೆ: ಗೋಡೆಗೆ ತಾಗಿದ ಒಲೆಯ ಪ್ರತಿ ಅಡಿ ಅಗಲಕ್ಕೆ ನಿಮಿಷಕ್ಕೆ 100 ಘನ ಅಡಿ, ಅಂದರೆ ಗಂಟೆಗೆ ಸುಮಾರು 170 ಘನ ಮೀಟರ್. ಎರಡು ಅಡಿ ಅಗಲದ ಒಲೆಗೆ 340, ಮೂರು ಅಡಿಯ ಒಲೆಗೆ 510.

ಪೆಟ್ಟಿಗೆಯ ನಂಬರಿನಲ್ಲಿ ಅರ್ಧ ಮಾತ್ರ ಕೈಗೆ ಸಿಗುತ್ತದೆ ಎಂದಿಟ್ಟುಕೊಳ್ಳೋಣ. ಆಗಲೂ ಎರಡು ಬರ್ನರ್ ಒಲೆಗೆ 700ರಿಂದ 900, ದೊಡ್ಡ ಒಲೆಗೆ ಅಥವಾ ದಿನಾ ಮೀನು ಹುರಿಯುವ ಮನೆಗೆ 1000ರಿಂದ 1200 ಎಂದು ಬರೆದಿದ್ದರೆ ಸಾಕು. ಅದಕ್ಕಿಂತ ಮೇಲಿನದಕ್ಕೆ ಕೊಡುವ ದುಡ್ಡನ್ನು ಒಳ್ಳೆಯ ಪೈಪ್‌ಗೆ ಹಾಕಿ. ಚಿಮಣಿಯ ಅಗಲ ಒಲೆಯಷ್ಟಾದರೂ ಇರಲಿ. ಎತ್ತರವನ್ನು ಕಂಪನಿಯ ಕೈಪಿಡಿ ಹೇಳಿದಷ್ಟೇ ಇಡಿ. ಗ್ಯಾಸ್ ಒಲೆಗೆ ಸಾಮಾನ್ಯವಾಗಿ 65ರಿಂದ 75 ಸೆಂ.ಮೀ.

ಗುಟ್ಟು ಇರುವುದು ಪೈಪಿನಲ್ಲಿ

ಮಣಿಪಾಲದ ಅಪಾರ್ಟ್‌ಮೆಂಟುಗಳಲ್ಲಿ ಒಲೆ ಒಂದು ಕಡೆ, ಹೊರಗೋಡೆ ಇನ್ನೊಂದು ಕಡೆ ಇರುವುದುಂಟು. ಫಿಟ್ಟಿಂಗ್‌ನವರು ಸುಕ್ಕು ಸುಕ್ಕಾದ ಅಲ್ಯೂಮಿನಿಯಂ ಪೈಪನ್ನು ಫಾಲ್ಸ್ ಸೀಲಿಂಗ್ ಮೇಲೆ ಎಳೆದು, ಗೋಡೆಯಲ್ಲಿ ಮೊದಲೇ ಇದ್ದ ನಾಲ್ಕು ಇಂಚಿನ ತೂತಿಗೆ ಸಿಕ್ಕಿಸಿ ಹೋಗುತ್ತಾರೆ. ಆರು ಇಂಚಿನ ಪೈಪಿಗೆ ಹೋಲಿಸಿದರೆ ನಾಲ್ಕು ಇಂಚಿನದರ ಬಾಯಿ ಅರ್ಧಕ್ಕಿಂತ ಚಿಕ್ಕದು. ಅಷ್ಟೇ ಗಾಳಿಯನ್ನು ಅದರಲ್ಲಿ ತಳ್ಳಲು ಐದು ಪಟ್ಟಿಗಿಂತ ಹೆಚ್ಚು ಒತ್ತಡ ಬೇಕು. ಮೋಟರ್ ಕೂಗುತ್ತದೆ, ಗಾಳಿ ಹೋಗುವುದಿಲ್ಲ. ಆ ಸದ್ದಿಗೆ ಬೇಸತ್ತು ಮನೆಯವರು ಚಿಮಣಿ ಹಾಕುವುದನ್ನೇ ಬಿಡುತ್ತಾರೆ. ಆದ್ದರಿಂದ ಆರು ಇಂಚಿನ, ಒಳಗೆ ನುಣುಪಾದ, ಆದಷ್ಟು ಗಿಡ್ಡ ಪೈಪ್ ಹಾಕಿಸಿ. ತಿರುವು ಎರಡಕ್ಕಿಂತ ಹೆಚ್ಚು ಬೇಡ.

ಕಾಪುವಿನಂಥ ಕಡಲತೀರದಲ್ಲಿ ಇನ್ನೊಂದು ಪೇಚು. ಮಳೆಗಾಲದ ಗಾಳಿ ನೈಋತ್ಯ, ಪಶ್ಚಿಮದ ಕಡೆಯಿಂದ ಬೀಸುತ್ತದೆ. ಪೈಪಿನ ಬಾಯಿ ಕಡಲಿಗೆ ಮುಖ ಮಾಡಿದ್ದರೆ ಅದೇ ಗಾಳಿ ಹೊಗೆಯನ್ನು ಒಳಕ್ಕೆ ನೂಕುತ್ತದೆ, ಮಳೆನೀರೂ ಇಳಿಯುತ್ತದೆ. ಸಾಧ್ಯವಾದರೆ ಪೂರ್ವ ಅಥವಾ ಉತ್ತರದ ಗೋಡೆಯಲ್ಲಿ ಬಾಯಿ ಇಡಿಸಿ. ಹೊರಕ್ಕೆ ಮಾತ್ರ ತೆರೆಯುವ ಮುಚ್ಚಳ ಹಾಕಿಸಿ. ಉಪ್ಪುಗಾಳಿಗೆ ಸಾದಾ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ಹಾಗಾಗಿ ಸ್ಟೀಲ್ ಅಥವಾ ಪ್ಲಾಸ್ಟಿಕ್ ಮುಚ್ಚಳವೇ ಲೇಸು.

ಹೊರಹೋದಷ್ಟು ಗಾಳಿ ಒಳಬರಬೇಕು

ಫಾರ್ವರ್ಡ್‌ಗಳಲ್ಲಿ ಈ ಮಾತು ಬರುವುದೇ ಇಲ್ಲ. ಬಾಟಲಿಯ ಬಾಯಿಗೆ ತುಟಿಯಿಟ್ಟು ಎಷ್ಟು ಹೀರಿದರೂ ಗಾಳಿ ಬರುವುದಿಲ್ಲ, ಯಾಕೆಂದರೆ ಬೇರೆ ಗಾಳಿ ಒಳಗೆ ಹೋಗಲು ದಾರಿಯಿಲ್ಲ. ಆಟಿಯ ಮಳೆಗೆ ಬಾಗಿಲು ಕಿಟಕಿ ಎಲ್ಲ ಹಾಕಿ ಕೂತ ಮನೆಯೂ ಹಾಗೆಯೇ. ಒಲೆಯಿಂದ ದೂರದ ಒಂದು ಕಿಟಕಿಯನ್ನು ನಾಲ್ಕು ಬೆರಳು ತೆರೆದರೂ ಚಿಮಣಿಯ ಕೆಲಸ ಬದಲಾಗುತ್ತದೆ. ಒಲೆಯ ಪಕ್ಕದ ಕಿಟಕಿ ಬೇಡ, ಅಡ್ಡಗಾಳಿ ಹೊಗೆಯನ್ನು ಚದುರಿಸುತ್ತದೆ.

ಎಚ್ಚರಿಕೆ: ಒಳಗಾಳಿ ಸಿಗದ ಚಿಮಣಿ ಎಲ್ಲಿಂದಾದರೂ ಎಳೆಯುತ್ತದೆ. ಕಾರ್ಕಳದ ಕಡೆಯ ಹಳೆ ಮನೆಗಳಲ್ಲಿ ಅಡುಗೆಮನೆಗೆ ತಾಗಿದ ಬಚ್ಚಲಲ್ಲಿ ಹಂಡೆಗೆ ಕಟ್ಟಿಗೆ ಉರಿಸುತ್ತಿದ್ದರೆ ಆ ಹೊಗೆ ಮನೆಯೊಳಗೆ ಬರಬಹುದು. ಮನೆಯೊಳಗೆ ಗ್ಯಾಸ್ ಗೀಸರ್ ಇದ್ದರೆ ಅಪಾಯ ಇನ್ನೂ ದೊಡ್ಡದು. ಅದರ ಹೊಗೆ ಹಿಂದಕ್ಕೆ ತಿರುಗಿದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಗ್ಯಾಸ್ ಗೀಸರ್ ಇದ್ದ ಬಚ್ಚಲಿನಲ್ಲಿ ಜೀವ ಹೋದ ಘಟನೆಗಳು ನಮ್ಮ ರಾಜ್ಯದಲ್ಲೇ ಮತ್ತೆ ಮತ್ತೆ ವರದಿಯಾಗಿವೆ. ಕಿಟಕಿ ಮುಚ್ಚಿ ಚಿಮಣಿ ಮತ್ತು ಗ್ಯಾಸ್ ಗೀಸರ್ ಒಟ್ಟಿಗೆ ಹಾಕಲೇಬೇಡಿ.

ಪೈಪೇ ಇಲ್ಲದ ಚಿಮಣಿ ಆಗದೇ?

ಇದ್ದಿಲಿನ ಫಿಲ್ಟರ್ ಇರುವ ಚಿಮಣಿ ಗಾಳಿಯನ್ನು ಸೋಸಿ ಮತ್ತೆ ಅಡುಗೆಮನೆಗೇ ಬಿಡುತ್ತದೆ. ಜಿಡ್ಡು, ವಾಸನೆ ಸ್ವಲ್ಪ ಹಿಡಿದೀತು. ಕಾರ್ಬನ್ ಮಾನಾಕ್ಸೈಡ್, ಬಿಸಿ, ಆವಿ ಯಾವುದೂ ಹೊರಗೆ ಹೋಗುವುದಿಲ್ಲ.

ಆವಿಯ ಲೆಕ್ಕ ಸಣ್ಣದಲ್ಲ. ಒಂದು ಕೆಜಿ ಅಡುಗೆ ಅನಿಲ ಉರಿದರೆ ಸುಮಾರು ಒಂದೂವರೆ ಕೆಜಿ ನೀರಾವಿ ಹುಟ್ಟುತ್ತದೆ. 14.2 ಕೆಜಿಯ ಒಂದು ಸಿಲಿಂಡರ್ ಮುಗಿಯುವಷ್ಟರಲ್ಲಿ ಒಂದು ದೊಡ್ಡ ಕೊಡಪಾನಕ್ಕೂ ಮಿಕ್ಕಿ, ಅಂದರೆ 20 ಲೀಟರಿಗಿಂತ ಹೆಚ್ಚು ನೀರು ಮನೆಯ ಗಾಳಿಗೆ ಸೇರಿರುತ್ತದೆ. ಗಂಟೆಗಟ್ಟಲೆ ಬೇಯುವ ಕುಚ್ಚಲಕ್ಕಿಯ ಆವಿ ಬೇರೆ. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಸುರಿಯುವ ಉಡುಪಿಯಲ್ಲಿ ಕಪಾಟಿಗೆ ಬೂಸ್ಟು ಹಿಡಿಯುವುದರಲ್ಲಿ ಇದರ ಪಾಲೂ ಇದೆ. ಪೈಪ್ ಹಾಕಲು ಜಾಗವೇ ಇಲ್ಲದಿದ್ದರೆ, ಹೊರಗೋಡೆಯಲ್ಲಿ ಒಲೆಗೆ ಹತ್ತಿರ, ಎತ್ತರದಲ್ಲಿ ಕೂರಿಸಿದ ಸಾದಾ ಎಕ್ಸಾಸ್ಟ್ ಫ್ಯಾನ್ ಈ ಚಿಮಣಿಗಿಂತ ಮೇಲು. ಬೆಲೆಯೂ ಕಡಿಮೆ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

• ಅಂಗಡಿಗೆ ಹೋಗುವ ಮೊದಲು ಒಲೆಯ ಅಗಲ ಮತ್ತು ಗೋಡೆಯ ತೂತು ಅಳೆಯಿರಿ.
• ಪೈಪ್ ಎಷ್ಟು ಇಂಚು, ಎಷ್ಟು ತಿರುವು ಎಂದು ಫಿಟ್ಟಿಂಗ್‌ಗೆ ಮೊದಲೇ ಕೇಳಿ.
• ಒಲೆ ಹಚ್ಚುವ ಮೊದಲೇ ಚಿಮಣಿ ಹಾಕಿ, ಅಡುಗೆ ಮುಗಿದ ಮೇಲೆ ಹತ್ತು ನಿಮಿಷ ಬಿಡಿ.
• ಅಡುಗೆ ಮಾಡುವಾಗ ದೂರದ ಕಿಟಕಿ ಸ್ವಲ್ಪ ತೆರೆದಿರಲಿ.
• 'ಆಟೋ ಕ್ಲೀನ್' ಎಂದರೆ ತೊಳೆಯುವುದೇ ಬೇಡ ಎಂದಲ್ಲ. ಎಣ್ಣೆಯ ತಟ್ಟೆ ಖಾಲಿ ಮಾಡಿ, ಫಿಲ್ಟರ್ ಇದ್ದರೆ ಬಿಸಿನೀರು, ಸೋಪಿನಲ್ಲಿ ತೊಳೆಯಿರಿ. ಕಟ್ಟಿದ ಜಿಡ್ಡು ಗಾಳಿಯನ್ನು ತಡೆಯುತ್ತದೆ, ಬೆಂಕಿಯನ್ನೂ ಹಿಡಿಯುತ್ತದೆ.